ಡಯಾನಾ ಬಾಲ, ಅಜ್ಜಿಯ ಪಿನ್ನು

ರಿಸೆಪ್ಷನ್‌ಗೆ ಗೌನೇ ಬೇಕು ಅಂತ ಹಟ ಹಿಡಿದವಳು ನಾನೇ. ಬೇರೆ ಯಾರನ್ನೂ ಬೈಯುವ ಹಾಗಿಲ್ಲ. ಬಾಡಿಗೆ ಗೌನು, ಹಿಂದೆ ಐದಡಿ ಬಾಲ. ಇದಕ್ಕೆ ಇಂಗ್ಲಿಷಿನಲ್ಲಿ ಟ್ರೈನ್ ಅಂತಾರೆ ಅಂದಿದ್ದಕ್ಕೆ ಅಜ್ಜಿ ಕೇಳಿದರು, "ಎಷ್ಟು ಬೋಗಿ?"

"ಇದೇನು ಮಹಾ ಅಜ್ಜಿ, ಡಯಾನಾದು 25 ಅಡಿ ಇತ್ತು" ಅಂತ ಜಂಬ ಕೊಚ್ಚಿದೆ.

ಕೊಚ್ಚುವಾಗ ಪೂರ್ತಿ ಕಥೆ ಹೇಳಲಿಲ್ಲ. 1981ರ ಜುಲೈ 29, ಲಂಡನ್, ಬ್ರಿಟನ್ನಿನ ರಾಜಕುಮಾರ ಚಾರ್ಲ್ಸ್ ಜೊತೆ ಡಯಾನಾ ಮದುವೆ. ದಂತದ ಬಣ್ಣದ ಟ್ಯಾಫೆಟಾ, ಅಂದರೆ ಗರಿಗರಿ ರೇಷ್ಮೆಯ ಗೌನು, ಹೊಲಿದವರು ಎಮಾನ್ಯುಯೆಲ್ ದಂಪತಿ. ಎಲ್ಲಾ ಸರಿ, ಆದರೆ ಸೇಂಟ್ ಪಾಲ್ಸ್ ಚರ್ಚಿಗೆ ಹೋಗಬೇಕಾಗಿದ್ದ ಗಾಜಿನ ಸಾರೋಟು ಇಷ್ಟೇ ಇಷ್ಟು. ಅದರೊಳಗೆ ಮಗಳು, ದಪ್ಪನೆಯ ಅಪ್ಪ, ಜೊತೆಗೆ ಮಡಚಿ ತುರುಕಿದ ಅಷ್ಟೂ ಬಟ್ಟೆ. ಇಳಿಯುವ ಹೊತ್ತಿಗೆ ಗೌನು ಮುದುರಿ ಮುದ್ದೆಯಾಗಿತ್ತು, ಅದನ್ನು ಇಡೀ ಲೋಕ ಟಿವಿಯಲ್ಲಿ ನೋಡಿತು. ಅಲ್ಲಿ ಯಾರು ಇಸ್ತ್ರಿ ಪೆಟ್ಟಿಗೆ ಹಿಡಿದು ಓಡ್ತಾರೆ?

ವಿಕ್ಟೋರಿಯಾ ರಾಣಿಯದು ಇನ್ನೂ ಮಜಾ. 1840ರಲ್ಲಿ ಮದುವೆಯ ದಿನ ಆಕೆಯ ಬಾಲ 18 ಅಡಿ, ಎತ್ತಿ ಹಿಡಿಯಲು 12 ಹುಡುಗಿಯರು. 18 ಅಡಿ ಸಾಲಲೇ ಇಲ್ಲ! ಎಲ್ಲರೂ ಒತ್ತೊತ್ತಾಗಿ ಸೇರಿ, ಒಬ್ಬರ ಹಿಮ್ಮಡಿಗೆ ಇನ್ನೊಬ್ಬರು ಒದೆಯುತ್ತಾ, ಲಂಗ ತುಳಿಯುತ್ತಾ ಹೋದರಂತೆ. ಅವರಲ್ಲೇ ಒಬ್ಬಳು ಬರೆದಿಟ್ಟಿದ್ದಾಳೆ. ಡಯಾನಾ ಮಗ ವಿಲಿಯಂನನ್ನು ಮದುವೆಯಾದ ಕೇಟ್ ಮಾತ್ರ ಜಾಣೆ, 2011ರಲ್ಲಿ 9 ಅಡಿಗೇ ಮುಗಿಸಿದಳು.

ನನಗೆ ಐದೇ ಅಡಿ ಸಾಕಾಯಿತು. ಬಾಲ ಹಿಡಿಯುತ್ತೇನೆ ಅಂದಿದ್ದ ಅಕ್ಕನ ಮಗ ಐಸ್‌ಕ್ರೀಂ ಕಂಡವನೇ ಕೈಬಿಟ್ಟು ಓಡಿದ. ಸ್ಟೇಜ್ ಮೆಟ್ಟಿಲಲ್ಲಿ ಗಂಡನೇ ತುಳಿದರು, ಅಷ್ಟು ಸಾಲದು ಅಂತ "ಯಾಕೆ ನಿಂತೆ?" ಅಂತ ಬೇರೆ ಕೇಳಿದರು. ಊಟದ ಹಾಲ್‌ನಲ್ಲಿ ನೆಲವೆಲ್ಲ ಒದ್ದೆ. ಎಲೆ ಮುಂದೆ ಕೂರೋಣ ಅಂತ ಹೊರಟೆ ನೋಡಿ, ಬಡಿಸುವ ಹುಡುಗ ಸಾರಿನ ಬಕೆಟ್ಟನ್ನು ಸರಿಯಾಗಿ ನನ್ನ ಬಾಲದ ಮೇಲೇ ಇಟ್ಟ. ನಾನು ಮುಂದೆ, ಬಾಲ ಹಿಂದೆ, ನಡುವೆ ಪರ್ರ್ ಅಂತ ಸದ್ದು. ಜೊತೆಗೆ ಸಾರೂ ಚೆಲ್ಲಿತು.

ಅಜ್ಜಿ ಎದ್ದು ಬಂದರು. ಉಟ್ಟಿದ್ದು ಎಂದಿನ ಒಂಬತ್ತು ಗಜದ ಸೀರೆ. ಒಂಬತ್ತು ಗಜ ಅಂದರೆ 27 ಅಡಿ, ಡಯಾನಾ ಬಾಲಕ್ಕಿಂತ ಎರಡಡಿ ಜಾಸ್ತಿ! ಅಷ್ಟನ್ನೂ ಕಚ್ಚೆ ಹಾಕಿ ಸುತ್ತಿಕೊಂಡು ಈ ಅಜ್ಜಿ ಬಾವಿಯಿಂದ ನೀರು ಸೇದಿದ್ದಾರೆ, ಹಸು ಅಟ್ಟಿಸಿಕೊಂಡು ಓಡಿದ್ದಾರೆ. ಒಂದು ದಿನವೂ ಎಡವಿದ್ದು ನೆನಪಿಲ್ಲ. ಬಳೆಗೆ ಸಿಕ್ಕಿಸಿಕೊಂಡಿದ್ದ ಮೂರು ಪಿನ್ನು ತೆಗೆದರು, ಬಾಲವನ್ನು ನೆರಿಗೆ ಹಿಡಿದು ಎತ್ತಿ ಸೊಂಟಕ್ಕೆ ಚುಚ್ಚಿದರು. "ಈಗ ಉಣ್ಣು."

ಆಲ್ಬಮ್‌ನಲ್ಲಿ ಇದೆ, ಗೌನಿಗೆ ಹೆಚ್ಚುಕಮ್ಮಿ ಕಚ್ಚೆ ಹಾಕಿಕೊಂಡು ನಾನು ಹೋಳಿಗೆ ತಿನ್ನುತ್ತಿರುವ ಫೋಟೊ.

ಬಾಡಿಗೆ ಅಂಗಡಿಯವರು ಹರಿದಿದ್ದಕ್ಕೆ ಇಷ್ಟು, ಸಾರಿನ ಕಲೆಗೆ ಇಷ್ಟು ಅಂತ ಡೆಪಾಸಿಟ್ ಪೂರ್ತಿ ಮುರಿದುಕೊಂಡರು. ಅಜ್ಜಿ ಮಾತ್ರ ಗೌನು ವಾಪಸ್ ಕೊಡುವ ಮುಂಚೆಯೇ ಮೂರೂ ಪಿನ್ನು ಎಣಿಸಿ ಇಸ್ಕೊಂಡಿದ್ದರು.