ಚೀನಾದ ಹಾಸ್ಟೆಲಿಗೆ ಬರುವವರೇ, ಫಾರಿನ್ ಬಿಲ್ಡಿಂಗಿನ ಸುಖಕ್ಕೆ ಒಗ್ಗಿಹೋಗಬೇಡಿ

ಆಗಸ್ಟ್ ಬಂತೆಂದರೆ ನನಗೆ ಊರ ಕಡೆಯಿಂದ ಫೋನುಗಳು ಶುರು. ಮಗನಿಗೆ ಚೀನಾದಲ್ಲಿ ಸೀಟು ಸಿಕ್ಕಿದೆ, ತಂಗಿಗೆ ಸ್ಕಾಲರ್‌ಶಿಪ್ ಬಂದಿದೆ, ನೀವು ಅಲ್ಲೇ ಇದ್ದೀರಲ್ಲ, ಸ್ವಲ್ಪ ಹೇಳಿ ಅಂತ. ಕೇಳುವುದು ಎರಡೇ ಪ್ರಶ್ನೆ. ಊಟಕ್ಕೆ ಏನು ಮಾಡೋದು? ಹಾಸ್ಟೆಲ್ ತುಂಬಾ ಸ್ಟ್ರಿಕ್ಟಾ? ನಾನು ನಾನ್‌ಜಿಂಗ್‌ನಲ್ಲಿ ಓದಿ, ಹಾಸ್ಟೆಲಿನಲ್ಲಿದ್ದು, ಇಲ್ಲೇ ಕೆಲಸಕ್ಕೆ ಸೇರಿದವನು. ನನ್ನನ್ನು ಕೇಳಿದರೆ, ಇಲ್ಲಿನ ಸ್ಟ್ರಿಕ್ಟ್‌ಗೆ ಹೆದರುವುದು ಬೇಡವೇ ಬೇಡ. ವಿದೇಶಿಯರಿಗೆ ಕೊಡುವ ಸುಖದ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು.

ಚೀನಾದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ವಿದೇಶಿಯರಿಗೆ ಬೇರೆಯೇ ಕಟ್ಟಡ. ಒಬ್ಬರಿಗೆ ಅಥವಾ ಇಬ್ಬರಿಗೆ ಒಂದು ರೂಮು, ಎಸಿ, ಎಷ್ಟೋ ಕಡೆ ಅಟ್ಯಾಚ್ಡ್ ಬಾತ್‌ರೂಮು, ಮಹಡಿಗೊಂದು ಅಡುಗೆಮನೆ. ಅದೇ ಕ್ಯಾಂಪಸ್ಸಿನ ಚೀನೀ ಹುಡುಗರ ರೂಮಿಗೆ ಹೋಗಿ ನೋಡಿ. ನಾಲ್ಕು ಜನ, ಹಳೆಯ ಬಿಲ್ಡಿಂಗ್ ಆದರೆ ಆರು ಅಥವಾ ಎಂಟು. ಮೇಲೆ ಮಂಚ, ಕೆಳಗೆ ಮೇಜು. ಮಂಚದ ಸುತ್ತ ಒಂದು ಪರದೆ ಕಟ್ಟಿಕೊಂಡರೆ ಮುಗಿಯಿತು, ಅಷ್ಟೇ ಅವರ ಸ್ವಂತ ಜಾಗ. ಉತ್ತರದ ಕೆಲವು ಕಡೆ ಸ್ನಾನಕ್ಕೆ ಬಕೆಟ್ಟು ಹಿಡಿದು ಬೇರೆ ಕಟ್ಟಡಕ್ಕೇ ಹೋಗಬೇಕು. ರಾತ್ರಿ ಹನ್ನೊಂದರ ಸುಮಾರಿಗೆ ಬಾಗಿಲು ಬಂದ್, ಎಷ್ಟೋ ಕಡೆ ಕರೆಂಟೂ ಬಂದ್.

2018ರಲ್ಲಿ ಚೀನಾದಲ್ಲಿ 4,92,185 ವಿದೇಶಿ ವಿದ್ಯಾರ್ಥಿಗಳಿದ್ದರು. ಅದರಲ್ಲಿ ನಮ್ಮ ದೇಶದವರು 23,198. ಇಷ್ಟು ಜನರಿಗೆ ಬೇರೆ ವ್ಯವಸ್ಥೆ ಮಾಡಿದಾಗ ಇಲ್ಲಿನವರಿಗೆ ಹೊಟ್ಟೆ ಉರಿಯದೇ ಇರುತ್ತದೆಯೇ? 2019ರ ಬೇಸಿಗೆಯಲ್ಲಿ ಇಲ್ಲಿನ ಜಾಲತಾಣಗಳಲ್ಲಿ ಇದೇ ವಿಷಯಕ್ಕೆ ದೊಡ್ಡ ಗಲಾಟೆ ಆಯಿತು. ನಮ್ಮ ಮಕ್ಕಳಿಗಿಲ್ಲದ ಸೌಕರ್ಯ ಹೊರಗಿನವರಿಗೆ ಯಾಕೆ ಎಂದು ಜನ ಕೇಳಿದರು. ನ್ಯಾಯವಾದ ಪ್ರಶ್ನೆ. ಸಿಂಗಲ್ ರೂಮಿನಲ್ಲಿ ಕಾಲು ಚಾಚಿ ಮಲಗಿದ್ದ ನಮ್ಮಂಥವರ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಇನ್ನು ಸ್ಟ್ರಿಕ್ಟ್ ವಿಷಯ. ಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಕೂತಿರುತ್ತಾರೆ. ಎಲ್ಲರೂ ಅವರನ್ನು ಆಯಿ ಎಂದೇ ಕರೆಯುತ್ತಾರೆ, ನಮ್ಮಲ್ಲಿ ಆಂಟಿ ಎಂದ ಹಾಗೆ. ತಡವಾಗಿ ಬಂದರೆ ರಿಜಿಸ್ಟರಿನಲ್ಲಿ ಹೆಸರು ಬರೆಸುತ್ತಾರೆ. ರೂಮಿನಲ್ಲಿ ಇಂಡಕ್ಷನ್ ಸ್ಟವ್, ಹೀಟರ್ ಕಂಡರೆ ಎತ್ತಿಕೊಂಡು ಹೋಗುತ್ತಾರೆ, ಮುಲಾಜಿಲ್ಲ. ಆದರೆ ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಹೋಗಿದ್ದೆ, ಅಪ್ಪನಿಗೆ ಗೊತ್ತಾ ಎಂದು ನಾನು ನೋಡಿದ ಯಾವ ಆಯಿಯೂ ಕೇಳಲಿಲ್ಲ. ಹುಡುಗರ ಬ್ಲಾಕಿಗೆ ಬಾಗಿಲು ಹಾಕುವ ಹೊತ್ತಿಗೇ ಹುಡುಗಿಯರ ಬ್ಲಾಕಿಗೂ ಹಾಕುವುದು. ನಮ್ಮಲ್ಲಿ ಎಷ್ಟೋ ಕಾಲೇಜುಗಳಲ್ಲಿ ಹುಡುಗಿಯರ ಹಾಸ್ಟೆಲಿಗೆ ಸಂಜೆಯೇ ಬೀಗ. ಹುಡುಗರು ಮಾತ್ರ ಸೆಕೆಂಡ್ ಶೋ ಮುಗಿಸಿ ಬಂದರೂ ವಾಚ್‌ಮನ್ ಗೇಟು ತೆಗೆಯುತ್ತಾನೆ. ಇಲ್ಲಿನ ನಿಯಮಕ್ಕೆ ಬೆಂಕಿ ಮತ್ತು ಕರೆಂಟಿನ ಚಿಂತೆ. ನಮ್ಮ ವಾರ್ಡನ್ನಿಗೆ ಹುಡುಗಿಯ ನಡತೆಯ ಚಿಂತೆ. ಈ ಒಂದು ವಿಷಯದಲ್ಲಿ ಚೀನಾದ್ದೇ ಸರಿ ಎಂದು ನಾನು ಯಾವ ಮುಜುಗರವೂ ಇಲ್ಲದೆ ಹೇಳುತ್ತೇನೆ.

ಪೊಲೀಸ್ ರಿಜಿಸ್ಟ್ರೇಷನ್ ಅಂದರೂ ಊರಿನವರು ಗಾಬರಿಯಾಗುತ್ತಾರೆ. ಬಂದ 24 ಗಂಟೆಯೊಳಗೆ ವಿಳಾಸ ನೋಂದಾಯಿಸಬೇಕು, ನಿಜ. ಹಾಸ್ಟೆಲಿನಲ್ಲಿದ್ದರೆ ಸಾಮಾನ್ಯವಾಗಿ ಆಫೀಸಿನವರೇ ಮಾಡಿಕೊಡುತ್ತಾರೆ. ಹೊರಗೆ ಮನೆ ಮಾಡಿದರೆ ನೀವೇ ಠಾಣೆಗೆ ಹೋಗಬೇಕು. ಆದರೆ ಬೆಂಗಳೂರಿನಲ್ಲಿ ವಿದೇಶಿ ಹುಡುಗನಿಗೆ ರೂಮು ಕೊಟ್ಟ ಪಿಜಿಯವರೂ 24 ಗಂಟೆಯಲ್ಲಿ ಅವನ ವಿವರವನ್ನು ಸರ್ಕಾರಕ್ಕೆ ಕಳಿಸಬೇಕು, ಗೊತ್ತಲ್ವಾ? ಆರು ತಿಂಗಳಿಗಿಂತ ಜಾಸ್ತಿ ಓದಲು ಬಂದ ಆ ಹುಡುಗ 14 ದಿನದಲ್ಲಿ ವಿದೇಶಿಯರ ನೋಂದಣಿ ಕಚೇರಿಯಾದ ಎಫ್‌ಆರ್‌ಆರ್‌ಒದಲ್ಲಿ ಹೆಸರು ಬರೆಸಬೇಕು. ನಾವು ಇನ್ನೊಬ್ಬರಿಗೆ ಮಾಡುವುದನ್ನೇ ಇಲ್ಲಿ ನಮಗೆ ಮಾಡುತ್ತಾರೆ.

ಕಾಗದಪತ್ರದಲ್ಲಿ ಮಾತ್ರ ಉದಾಸೀನ ಬೇಡ. ದೀರ್ಘ ಓದಿಗೆ ಕೊಡುವುದು ಎಕ್ಸ್1 ವೀಸಾ. ಅದರಲ್ಲಿ ಎಷ್ಟು ದಿನ ಇರಬಹುದು ಎಂಬಲ್ಲಿ 000 ಎಂದು ಇರುತ್ತದೆ. ಅದನ್ನು ನೋಡಿ ಮೋಸ ಹೋದೆವು ಎಂದು ಅತ್ತವರಿದ್ದಾರೆ. ಅದು ಬರೀ ಒಳಗೆ ಬರಲು ಚೀಟಿ. ಬಂದ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ಅದಕ್ಕೆ ಅಡ್ಮಿಷನ್ ಪತ್ರದ ಒರಿಜಿನಲ್, ವೀಸಾಕ್ಕೆಂದು ವಿಶ್ವವಿದ್ಯಾಲಯ ಕಳಿಸುವ ಜೆಡಬ್ಲ್ಯೂ ಫಾರ್ಮು, ಮೆಡಿಕಲ್ ರಿಪೋರ್ಟಿನ ಒರಿಜಿನಲ್, ಫೋಟೋಗಳು ಬೇಕಾಗುತ್ತವೆ. ಇವೆಲ್ಲ ಕೈಚೀಲದಲ್ಲೇ ಇರಲಿ. ಸೂಟ್‌ಕೇಸ್ ಬೇರೆ ಊರಿಗೆ ಹೋದರೆ ಬಟ್ಟೆ ಮತ್ತೆ ಕೊಳ್ಳಬಹುದು, ಇವನ್ನು ಕೊಳ್ಳಲಾಗದು. ಎಕ್ಸ್‌ರೇ, ರಕ್ತಪರೀಕ್ಷೆಯ ಕಾಗದ ಸರಿಯಿಲ್ಲ ಎಂದರೆ ಮತ್ತೆ ದುಡ್ಡು ಕೊಟ್ಟು ಇಲ್ಲೇ ಮಾಡಿಸಬೇಕು.

ನಮ್ಮ ಕಡೆಯವರಿಗೇ ಅಂಟಿಕೊಂಡ ಇನ್ನೊಂದು ತೊಂದರೆ ಹೆಸರಿನದು. ಅಪ್ಪನ ಹೆಸರು, ಊರಿನ ಹೆಸರು ಎಲ್ಲ ಸೇರಿ ಪಾಸ್‌ಪೋರ್ಟಿನಲ್ಲಿ ಮಾರುದ್ದ. ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಸಿಮ್ ಕೊಡುವವನು ಒಂದು ಕ್ರಮದಲ್ಲಿ ಬರೆಯುತ್ತಾನೆ, ಬ್ಯಾಂಕಿನವಳು ಇನ್ನೊಂದು ಕ್ರಮದಲ್ಲಿ. ಆಮೇಲೆ ಫೋನಿನಲ್ಲಿ ದುಡ್ಡು ಕೊಡುವ ವೀಚಾಟ್ ಪೇ, ಆ ಎರಡು ಹೆಸರೂ ಒಬ್ಬರದೇ ಎಂದು ಒಪ್ಪುವುದಿಲ್ಲ. ಕೌಂಟರಿನಿಂದ ಏಳುವ ಮೊದಲು ಸ್ಕ್ರೀನನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. ಹೆಸರಿನ ಕ್ರಮ, ನಡುವಿನ ಸ್ಪೇಸ್ ಎಲ್ಲ ಪಾಸ್‌ಪೋರ್ಟಿನಂತೆಯೇ ಇವೆಯೇ ನೋಡಿ. ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರೆ ಗೊಣಗಲಿ.

ಮನೆಗೆ ಫೋನ್ ಮಾಡುವುದೂ ಒಂದು ಫಜೀತಿ. ಚೀನಾದಲ್ಲಿ ವಾಟ್ಸ್ಯಾಪ್, ಗೂಗಲ್, ಯೂಟ್ಯೂಬ್ ನಡೆಯುವುದಿಲ್ಲ. ಇಲ್ಲಿ ಎಲ್ಲಕ್ಕೂ ಬೇಕಾದ ವೀಚಾಟನ್ನು ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿತು. ಅಮ್ಮನ ಆ್ಯಪ್ ಇಲ್ಲಿಲ್ಲ, ನಿಮ್ಮ ಆ್ಯಪ್ ಅಲ್ಲಿಲ್ಲ. ಹಾಗಾಗಿ ಊರಿನ ಸಿಮ್‌ಗೆ ರೋಮಿಂಗ್ ಹಾಕಿಸಿಕೊಂಡೇ ಹೊರಡಿ. ರೋಮಿಂಗ್ ಡೇಟಾದಲ್ಲಿ ವಾಟ್ಸ್ಯಾಪ್ ಬರುತ್ತದೆ, ಬ್ಯಾಂಕಿನ ಒಟಿಪಿಯೂ ಬರುತ್ತದೆ. ಜಿಮೇಲಿನಲ್ಲಿರುವ ಕಾಗದಗಳನ್ನೆಲ್ಲ ವಿಮಾನ ಹತ್ತುವ ಮೊದಲೇ ಫೋನಿಗೆ ಇಳಿಸಿಕೊಳ್ಳಿ.

ರೂಮಿನ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಹಲಗೆಯ ಮೇಲೆ ತೆಳ್ಳಗಿನ ಹಾಸಿಗೆ ಇರುತ್ತದೆ, ಮೆತ್ತನೆಯದು ಬೇಕಾದರೆ ಕೊಳ್ಳಬೇಕು. ನಮ್ಮ ಮೂರು ದುಂಡು ಪಿನ್ನಿನ ಪ್ಲಗ್ ಇಲ್ಲಿ ಹೊಂದುವುದಿಲ್ಲ, ಎರಡು ಅಡಾಪ್ಟರ್ ಸಾಕು. ಕಂಬಳಿ, ಬಕೆಟ್ಟು ಹೊತ್ತು ತರಬೇಡಿ, ಎಲ್ಲ ಕ್ಯಾಂಪಸ್ಸಿನಲ್ಲೇ ಸಿಗುತ್ತದೆ. ಚಳಿಯ ವಿಷಯದಲ್ಲಿ ಮಾತ್ರ ನಕ್ಷೆ ನೋಡಿ. ಬೀಜಿಂಗ್ ಚಳಿ ಎಂದು ಹೆದರಿ ದಕ್ಷಿಣದ ಊರು ಆರಿಸುವವರಿದ್ದಾರೆ. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರ ತನಕ ಸರ್ಕಾರವೇ ಕಟ್ಟಡಗಳನ್ನು ಬಿಸಿ ಮಾಡುತ್ತದೆ, ರೂಮಿನಲ್ಲಿ ಟೀ ಶರ್ಟ್ ಸಾಕು. ಆ ವ್ಯವಸ್ಥೆ ಹ್ವಾಯ್ ನದಿಯಿಂದ ಉತ್ತರಕ್ಕೆ. ನಮ್ಮ ನಾನ್‌ಜಿಂಗ್ ಅದರ ದಕ್ಷಿಣಕ್ಕಿದೆ. ಜನವರಿಯಲ್ಲಿ ಒಗೆದ ಕಾಲುಚೀಲ ಮೂರು ದಿನವಾದರೂ ಒಣಗುವುದಿಲ್ಲ. ರಾತ್ರಿ ಹಾಸಿಗೆಗೆ ಕಾಲಿಟ್ಟರೆ ಒದ್ದೆ ಬಟ್ಟೆ ಮುಟ್ಟಿದ ಹಾಗಾಗುತ್ತದೆ.

ಊಟದ ಪ್ರಶ್ನೆಗೆ ಬಂದೆ. ದೊಡ್ಡ ಕ್ಯಾಂಪಸ್ಸುಗಳಲ್ಲಿ ಮುಸ್ಲಿಮರಿಗೆಂದು ಹಲಾಲ್ ಕ್ಯಾಂಟೀನ್ ಇರುತ್ತದೆ, ಅಲ್ಲಿ ಹಂದಿಯೂ ಇಲ್ಲ, ಹಂದಿ ಕೊಬ್ಬೂ ಇಲ್ಲ. ದನದ ಮಾಂಸ ಇರುತ್ತದೆ, ಬೇಡದವರು ಕೇಳಿಕೊಳ್ಳಬೇಕು. ಮೊಟ್ಟೆ ತಿನ್ನುವವರಿಗೆ ಟೊಮೆಟೊ ಮೊಟ್ಟೆ, ಅನ್ನ ಎಲ್ಲ ಕಡೆ ಸಿಗುತ್ತದೆ. ಅದೂ ಬೇಡ ಎನ್ನುವವರಿಗೆ ಕಷ್ಟ, ಸುಳ್ಳು ಹೇಳುವುದಿಲ್ಲ. ಅವರು ಮಹಡಿಯ ಅಡುಗೆಮನೆಯನ್ನೇ ನೆಚ್ಚಬೇಕು. ಸಾಸಿವೆ, ಇಂಗು, ಹುಳಿಪುಡಿ ತನ್ನಿ. ಬಾಗಿಲು ಹಾಕಿ ಒಗ್ಗರಣೆ ಕೊಡಿ, ಇಲ್ಲದಿದ್ದರೆ ಮೆಣಸಿನಕಾಯಿ ಘಾಟಿಗೆ ಕಝಾಕಿಸ್ತಾನದಿಂದ ನೈಜೀರಿಯಾದ ತನಕ ಎಲ್ಲರೂ ಕೆಮ್ಮುತ್ತಾ ಹೊರಗೆ ಬರುತ್ತಾರೆ.

ಈಗ ನನ್ನ ನಿಜವಾದ ತಕರಾರು. ಎಂಬಿಬಿಎಸ್‌ಗೆ ಮಕ್ಕಳನ್ನು ಕಳಿಸುವ ಏಜೆಂಟರು ಮೊದಲು ಹೇಳುವ ಮಾತೇ 'ಇಂಡಿಯನ್ ಮೆಸ್ ಇದೆ, ಎಲ್ಲ ನಮ್ಮವರೇ ಇರ್ತಾರೆ' ಎಂದು. ಅಪ್ಪ ಅಮ್ಮನಿಗೆ ಜೀವ ಸಮಾಧಾನ. ನಮ್ಮಲ್ಲೂ ಸಮುದಾಯಕ್ಕೊಂದು ಹಾಸ್ಟೆಲ್ ಕಟ್ಟಿದರು, ಹಳ್ಳಿಯಿಂದ ಬಂದ ಎಷ್ಟೋ ಹುಡುಗರು ಅದರಿಂದಲೇ ಓದಿದರು. ಆದರೆ ಆ ಹುಡುಗರು ಬೆಳಿಗ್ಗೆ ಎದ್ದು ಎಲ್ಲರ ಜೊತೆ ಒಂದೇ ಕ್ಲಾಸಿಗೆ ಹೋಗುತ್ತಿದ್ದರು. ಇಲ್ಲಿ ಕ್ಲಾಸೂ ಬೇರೆ, ಇಂಗ್ಲಿಷ್ ಮೀಡಿಯಂ. ಬಿಲ್ಡಿಂಗ್ ಬೇರೆ, ಮೆಸ್ ಬೇರೆ. ಐದು ವರ್ಷ ಒಬ್ಬ ಚೀನೀ ಗೆಳೆಯನೂ ಇಲ್ಲದೆ ಕಳೆಯಬಹುದು, ಕಳೆದವರಿದ್ದಾರೆ.

ಆಮೇಲೆ ಆಸ್ಪತ್ರೆ ಬರುತ್ತದೆ. ನಮ್ಮ ನ್ಯಾಷನಲ್ ಮೆಡಿಕಲ್ ಕಮಿಷನ್ನಿನ 2021ರ ನಿಯಮದ ಪ್ರಕಾರ, ಓದಿದ ವಿದೇಶಿ ಸಂಸ್ಥೆಯಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಮುಗಿಸಿರಬೇಕು. ಅಲ್ಲಿ ರೋಗಿ ಇಂಗ್ಲಿಷ್ ಮಾತಾಡುವುದಿಲ್ಲ. ಎಪ್ಪತ್ತು ದಾಟಿದ ಅಜ್ಜಿ ತನ್ನ ಊರಿನ ಧಾಟಿಯಲ್ಲಿ ಎಲ್ಲಿ ನೋವು, ಎಂದಿನಿಂದ ನೋವು ಎಂದು ಹೇಳುತ್ತಾಳೆ. ಚೈನೀಸ್ ಭಾಷೆಯ ಎಚ್‌ಎಸ್‌ಕೆ ಪರೀಕ್ಷೆಯಲ್ಲಿ 4ನೇ ಹಂತ ಪಾಸಾದ ಸರ್ಟಿಫಿಕೇಟು ಆಗ ಅರ್ಧ ದಾರಿಗೂ ಸಾಲುವುದಿಲ್ಲ. ಆ ಮಾತು ಕಿವಿಗೆ ಬೀಳುವುದು ಕ್ಯಾಂಟೀನಿನ ಕ್ಯೂನಲ್ಲಿ, ಪಾರ್ಸೆಲ್ ತರುವ ಅಂಗಡಿಯಲ್ಲಿ, ಆಯಿಯ ಜೊತೆಗಿನ ಜಗಳದಲ್ಲಿ.

ಸೆಮಿಸ್ಟರ್ ಶುರುವಾದ ಸ್ವಲ್ಪ ದಿನಕ್ಕೇ ಕ್ಯಾಂಪಸ್ಸಿನ ರಸ್ತೆಯುದ್ದಕ್ಕೂ ಮೇಜು ಹಾಕಿಕೊಂಡು ವಿದ್ಯಾರ್ಥಿ ಸಂಘಗಳವರು ಸದಸ್ಯರನ್ನು ಸೇರಿಸಿಕೊಳ್ಳುತ್ತಾರೆ. ಬ್ಯಾಡ್ಮಿಂಟನ್ನೋ, ಫೋಟೋಗ್ರಫಿಯೋ, ಬೆಟ್ಟ ಹತ್ತುವುದೋ, ಯಾವುದಾದರೂ ಒಂದಕ್ಕೆ ಹೆಸರು ಕೊಡಿ. ಭಾಷೆ ಬರದಿದ್ದರೂ ಶಟಲ್ ಹೊಡೆಯಬಹುದು. ಹಾಗೆಯೇ ಏಜೆಂಟರ ಹತ್ತಿರ ಕೂತಾಗ ಮೆಸ್ಸಿನ ಮೆನು ಕೇಳುವ ಮೊದಲು ಇಷ್ಟು ಕೇಳಿ: ಮೊದಲ ವರ್ಷ ವಾರಕ್ಕೆ ಎಷ್ಟು ಗಂಟೆ ಚೈನೀಸ್ ಪಾಠ? ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ, ಅದು ವಿಶ್ವವಿದ್ಯಾಲಯದ್ದೇನಾ? ಅಲ್ಲಿ ಈಗ ಇರುವ ಸೀನಿಯರ್ ಒಬ್ಬರ ಜೊತೆ ನಾವೇ ನೇರವಾಗಿ ಮಾತಾಡಬಹುದಾ? ಇದಕ್ಕೆ ತಡವರಿಸಿದರೆ ಫೈಲು ಎತ್ತಿಕೊಂಡು ಎದ್ದು ಬನ್ನಿ.