ನಡುಮನೆಯಲ್ಲಿ ಡ್ರ್ಯಾಗನ್

ಹೊಡೆದಾಟದ ಸಿನಿಮಾವನ್ನು ಮನೆಯ ಟಿವಿಯಲ್ಲಿ ನೋಡಲು ಕನಿಷ್ಠ ಇಬ್ಬರು ಬೇಕು. ಒಬ್ಬರು ಸಿನಿಮಾ ನೋಡಲು, ಇನ್ನೊಬ್ಬರು ರಿಮೋಟ್ ಹಿಡಿದು ವಾಲ್ಯೂಮ್ ಏರಿಸಿ ಇಳಿಸಲು. ನಾಯಕ ತಾಯಿಯ ಸಮಾಧಿ ಮುಂದೆ ಕೂತು ಪಿಸುಗುಟ್ಟುವಾಗ ವಾಲ್ಯೂಮ್ 32. ಅವನೇ ಎದ್ದು ಜೀಪು ಎತ್ತಿ ಒಗೆಯುವಾಗ 9. ನಡುವೆ ಕುಕ್ಕರ್ ಕೂಗಿತೋ, ಸಮಾಧಿ ಮುಂದೆ ಆಡಿದ ಮಾತು, ಅಂದರೆ ಇಡೀ ಕಥೆ, ಅಲ್ಲಿಗೆ ಹೋಯಿತು.

'ಏನಂದ ಅವನು?' ಅಂತ ಅತ್ತೆ ಕೇಳುತ್ತಾರೆ.

'ಸರಿಯಾಗಿ ಕೇಳಿಸ್ಲಿಲ್ಲ ಅತ್ತೆ, ಯಾರನ್ನೋ ಬಿಡಲ್ಲ ಅಂದ' ಅನ್ನುತ್ತಾಳೆ ಸೊಸೆ.

ಹೊಡೆದಾಟದ ಸಿನಿಮಾಕ್ಕೆ ಅಷ್ಟು ತಿಳಿದರೆ ಸಾಕು ಅನ್ನುವುದೂ ಸುಳ್ಳಲ್ಲ.

ಇದರಲ್ಲಿ ನಿಮ್ಮ ಕಿವಿಯ ದೋಷ ಏನೂ ಇಲ್ಲ. ಚಿತ್ರಮಂದಿರದ 5.1 ಧ್ವನಿ ಆರು ದಾರಿಗಳಲ್ಲಿ ಬರುತ್ತದೆ. ಎದುರಿಗೆ ಎಡ, ಬಲ ಮತ್ತು ನಡು, ಹಿಂದೆ ಎಡ ಮತ್ತು ಬಲ, ಗುಡುಗು ಸಿಡಿಲಿಗೆಂದೇ ಮೀಸಲಾದ ಇನ್ನೊಂದು. ಮಾತೆಲ್ಲ ಬರುವುದು ಹೆಚ್ಚುಕಡಿಮೆ ನಡುವಿನ ಸ್ಪೀಕರಿನಿಂದ. ನಿಮ್ಮ ಟಿವಿಯಲ್ಲಿ ಇರುವುದು ಹತ್ತು ವ್ಯಾಟಿನ ಎರಡು ಸ್ಪೀಕರು, ಅವೂ ನೆಲಕ್ಕೋ ಗೋಡೆಗೋ ಮುಖ ಮಾಡಿಕೊಂಡಿರುತ್ತವೆ. ಆರನ್ನು ಎರಡಕ್ಕೆ ಇಳಿಸುವಾಗ ನಡುವಿನ ಮಾತನ್ನು ಸಾಮಾನ್ಯವಾಗಿ 3 ಡೆಸಿಬೆಲ್ ತಗ್ಗಿಸಿ ಎಡಬಲಕ್ಕೆ ಹಂಚುತ್ತಾರೆ. ಅದರ ಮೇಲೆ ಕುದುರೆ, ಮಳೆ, ಒಡೆಯುವ ಗಾಜು, ನೂರು ಪಿಟೀಲು ಎಲ್ಲವೂ ಬಂದು ಕೂರುತ್ತವೆ. ಗುಡುಗಿನ ದಾರಿಯನ್ನು ಬಹಳ ಸಲ ಬಿಟ್ಟೇ ಬಿಡುತ್ತಾರೆ. ಹಾಗಾಗಿ ಹೊಟ್ಟೆಯೊಳಗೆ ನಡುಕ ಹುಟ್ಟಿಸಬೇಕಾದ ಗುದ್ದು ಮನೆಯಲ್ಲಿ ತಗಡಿನ ಡಬ್ಬ ಬಿದ್ದಂತೆ ಕೇಳುತ್ತದೆ, ಆದರೂ ಜೋರಾಗಿಯೇ ಕೇಳುತ್ತದೆ.

ಎಷ್ಟು ಜೋರು ಅನ್ನುವುದಕ್ಕೂ ಲೆಕ್ಕ ಇದೆ. ಡಿಜಿಟಲ್ ಧ್ವನಿಯಲ್ಲಿ ಗರಿಷ್ಠ ಸದ್ದನ್ನು ಸೊನ್ನೆ ಎಂದಿಟ್ಟುಕೊಂಡು, ಅದಕ್ಕಿಂತ ಎಷ್ಟು ಡೆಸಿಬೆಲ್ ಕಡಿಮೆ ಎಂಬುದನ್ನು ಮೈನಸ್‌ನಲ್ಲಿ ಎಣಿಸುತ್ತಾರೆ. ನೆಟ್‌ಫ್ಲಿಕ್ಸ್ ತನ್ನಲ್ಲಿಗೆ ಬರುವ ಚಿತ್ರಗಳಲ್ಲಿ ಮಾತಿನ ಸರಾಸರಿ ಮಟ್ಟ ಮೈನಸ್ 27ರ ಆಸುಪಾಸಿನಲ್ಲಿರಬೇಕು, ಅತಿ ಜೋರಿನ ಸದ್ದು ಮೈನಸ್ 2 ದಾಟಬಾರದು ಎಂದು ಕಟ್ಟಳೆ ಮಾಡಿದೆ. ಅಂದರೆ ಮಾತಿನಿಂದ ಸ್ಫೋಟಕ್ಕೆ 25 ಡೆಸಿಬೆಲ್ ಏರಲು ಜಾಗ ಉಂಟು. ಆಕ್ಷನ್ ಚಿತ್ರದವರು ಆ ಜಾಗದಲ್ಲಿ ಒಂದಿಂಚೂ ಬೀಳು ಬಿಡುವುದಿಲ್ಲ.

ಉಪಾಯ ಇಷ್ಟೇ. ಹೊರಗೆ ಬೇರೆ ಸ್ಪೀಕರ್ ಇಲ್ಲದಿದ್ದರೆ ಆ್ಯಪ್‌ನ ಆಡಿಯೊ ಪಟ್ಟಿಯಲ್ಲಿ 5.1 ಎಂದಿರುವುದನ್ನು ಬಿಟ್ಟು, ಬರೀ ಭಾಷೆಯ ಹೆಸರಿರುವುದನ್ನೋ ಸ್ಟೀರಿಯೊ ಎಂದಿರುವುದನ್ನೋ ಆರಿಸಿ. ಟಿವಿಯ ಸೌಂಡ್ ಮೆನುವಿನಲ್ಲಿ 'ನೈಟ್ ಮೋಡ್', 'ಆಟೊ ವಾಲ್ಯೂಮ್' ಅಥವಾ 'ಡೈನಾಮಿಕ್ ರೇಂಜ್' ಎಂಬ ಹೆಸರಿನಲ್ಲಿ ಒಂದು ಸ್ವಿಚ್ ಅಡಗಿರುತ್ತದೆ. ಅದು ಪಿಸುಮಾತನ್ನು ಎತ್ತಿ, ಸ್ಫೋಟವನ್ನು ಅದುಮುತ್ತದೆ. ಅದನ್ನು ಆನ್ ಮಾಡಿ. 'ವರ್ಚುವಲ್ ಸರೌಂಡ್' ಅನ್ನು ಮಾತ್ರ ಮುಲಾಜಿಲ್ಲದೆ ಆಫ್ ಮಾಡಿ. ನಡುವಿನಿಂದ ಬರಬೇಕಾದ ಮಾತನ್ನು ಅದು ಗೋಡೆಗೆಲ್ಲ ಸವರಿಬಿಡುತ್ತದೆ. ಸೌಂಡ್‌ಬಾರ್ ಕೊಳ್ಳುವುದಾದರೆ 2.1 ಬೇಡ, 3.1 ತನ್ನಿ. ಆ ಮೂರನೆಯದೇ ಮಾತಿನ ಸ್ಪೀಕರು. 2.1 ತಂದರೆ ಗುಡುಗು ಮಾತ್ರ ಹೆಚ್ಚುತ್ತದೆ, ಅತ್ತೆಯ ಪ್ರಶ್ನೆ ಹಾಗೇ ಇರುತ್ತದೆ, ಕೆಳಗಿನ ಮನೆಯವರೂ ಮೇಲೆ ಬಂದು ಇನ್ನೊಂದು ಪ್ರಶ್ನೆ ಕೇಳುತ್ತಾರೆ.

ಆಡಿಯೊ ಪಟ್ಟಿಯಲ್ಲಿ ಅವಸರದಿಂದ ಕೈಯಾಡಿಸಿದರೆ ಇನ್ನೊಂದು ಫಜೀತಿ. 'ಆಡಿಯೊ ಡಿಸ್ಕ್ರಿಪ್ಷನ್' ಎಂಬುದು ಕಣ್ಣು ಕಾಣದವರಿಗಾಗಿ ಇರುವ ಬಹಳ ಒಳ್ಳೆಯ ಸೌಲಭ್ಯ. ಅದು ಗೊತ್ತಿಲ್ಲದೆ ಒತ್ತಿಹೋದರೆ ನಾಯಕ ಕತ್ತಿ ಎತ್ತುವಾಗಲೆಲ್ಲ ಒಂದು ಶಾಂತ ಧ್ವನಿ 'ಅವನು ಕತ್ತಿ ಎತ್ತುತ್ತಾನೆ' ಎಂದು ಹೇಳುತ್ತಾ ಹೋಗುತ್ತದೆ. ಇದು ನಿರ್ದೇಶಕನ ಹೊಸ ಪ್ರಯೋಗ ಇರಬೇಕೆಂದು ನಂಬಿ ಕೊನೆಯವರೆಗೂ ನೋಡುವವರಿದ್ದಾರೆ. ಕೆಲವು ಸಿನಿಮಾಗಳು ಹಾಗೆಯೇ ಹೆಚ್ಚು ಅರ್ಥವಾಗುತ್ತವೆ ಎಂಬುದು ಬೇರೆ ಮಾತು.

ಇನ್ನು ಡಿಶುಂ. ಏಟು ಬಿದ್ದ ಮೇಲೆ ಸದ್ದು ಬರುವ ಕಾಯಿಲೆ ಬ್ಲೂಟೂತ್ ಸ್ಪೀಕರ್ ಇರುವ ಮನೆಗಳಲ್ಲಿ ಹೆಚ್ಚು. ಸಿನಿಮಾ ಓಡುವುದು ಸೆಕೆಂಡಿಗೆ 24 ಬಿಡಿ ಚಿತ್ರಗಳಂತೆ, ಒಂದೊಂದು ಚಿತ್ರ ಸುಮಾರು 42 ಮಿಲಿಸೆಕೆಂಡ್ ನಿಲ್ಲುತ್ತದೆ. ಸದ್ದು 125 ಮಿಲಿಸೆಕೆಂಡ್‌ಗಿಂತ ತಡವಾದರೆ, ಅಂದರೆ ಮೂರು ಚಿತ್ರ ಹಿಂದೆ ಬಿದ್ದರೆ, ನಮಗೆ ತಿಳಿಯತೊಡಗುತ್ತದೆ. ಮೊದಲೇ ಬಂದರೆ 45ಕ್ಕೇ ಗೊತ್ತಾಗುತ್ತದೆ. ಯಾಕೆಂದರೆ ಮಿಂಚು ಮೊದಲು, ಗುಡುಗು ಆಮೇಲೆ ಎಂಬುದಕ್ಕೆ ನಾವು ಹುಟ್ಟಿದಾಗಿನಿಂದ ಒಗ್ಗಿದ್ದೇವೆ, ಉಲ್ಟಾ ಆದರೆ ಒಗ್ಗುವುದಿಲ್ಲ. ಬ್ಲೂಟೂತ್ 100ರಿಂದ 200 ಮಿಲಿಸೆಕೆಂಡ್ ತಡ ಮಾಡುವುದು ಮಾಮೂಲು. ಹೀಗಾಗಿ ಮಾತಿನಲ್ಲಿ ಗೊತ್ತಾಗದ ತಡ ಮುಷ್ಟಿಯಲ್ಲಿ ಗೊತ್ತಾಗುತ್ತದೆ. ರೌಡಿ ಆಗಲೇ ತರಕಾರಿ ಗಾಡಿಯ ಮೇಲೆ ಬಿದ್ದು ಟೊಮೆಟೊ ಚೆಲ್ಲಿರುತ್ತದೆ, ಆಗ ಡಿಶುಂ. ಚಿತ್ರಕ್ಕೂ ಸದ್ದಿಗೂ ತಾಳ ಹೊಂದಿಸುವ ಟಿವಿಯ 'ಎ.ವಿ. ಸಿಂಕ್' ಹೆಚ್ಚಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಸದ್ದನ್ನು ಇನ್ನಷ್ಟು ತಡ ಮಾಡಬಲ್ಲದೇ ಹೊರತು ಮುಂದಕ್ಕೆ ತರಲಾರದು. ಬ್ಲೂಟೂತ್ ಬಿಟ್ಟು ತಂತಿ ಹಾಕಿ. ಸೌಂಡ್‌ಬಾರ್ ಆದರೆ ಅದರ ತಂತಿಯನ್ನು ಟಿವಿಯ ಎಚ್‌ಡಿಎಂಐ ಕಿಂಡಿಗಳಲ್ಲಿ 'ಎಆರ್‌ಸಿ' ಎಂದು ಬರೆದಿರುವುದಕ್ಕೇ ಚುಚ್ಚಿ, ಟಿವಿಯ ಸದ್ದು ಹೊರಗೆ ಹೋಗುವುದು ಆ ಕಿಂಡಿಯಿಂದ. ಅದು ಸಾಮಾನ್ಯವಾಗಿ ಒಂದೇ ಇರುತ್ತದೆ, ಅಲ್ಲಿ ಆಗಲೇ ಸೆಟ್‌ಟಾಪ್ ಬಾಕ್ಸ್ ಕೂತಿರುತ್ತದೆ.

ಸದ್ದಿನ ವಿಷಯದಲ್ಲಿ ಟಿವಿ ಹೊಡೆದಾಟದ ಸಿನಿಮಾಕ್ಕೆ ಒಂದು ಉಪಕಾರವನ್ನಂತೂ ಮಾಡಿದೆ. 1977ರ 'ಸ್ಟಾರ್ ವಾರ್ಸ್'ನ ಬೆಳಕಿನ ಕತ್ತಿಯ ಗುಂಯ್ ಎಂಬ ಸದ್ದನ್ನು ಧ್ವನಿ ವಿನ್ಯಾಸಕ ಬೆನ್ ಬರ್ಟ್ ಕಟ್ಟಿದ್ದು ಹಳೆಯ ಪ್ರೊಜೆಕ್ಟರ್ ಮೋಟರಿನ ಗುನುಗು ಮತ್ತು ಟಿವಿ ಪಿಕ್ಚರ್ ಟ್ಯೂಬಿನ ಗುಂಯ್‌ಗುಡುವಿಕೆ ಸೇರಿಸಿ.

ಈಗ ಕಣ್ಣಿನ ವಿಚಾರ. ಅರವತ್ತು ಸಾವಿರ ಕೊಟ್ಟು 55 ಇಂಚಿನ ಟಿವಿ ತಂದವರಿಗೆ ಮೇಲೂ ಕೆಳಗೂ ಕಪ್ಪು ಪಟ್ಟಿ ಕಂಡರೆ ಹೊಟ್ಟೆ ಉರಿಯುತ್ತದೆ. ದೊಡ್ಡ ಆಕ್ಷನ್ ಚಿತ್ರಗಳ ಅಗಲ ಎತ್ತರದ 2.39 ಪಟ್ಟು, ಟಿವಿಯದು 1.78 ಪಟ್ಟು. ಹಾಗಾಗಿ ಒಂದೊಂದು ಕಡೆ ಸುಮಾರು ಒಂಬತ್ತು ಸೆಂಟಿಮೀಟರ್ ಕಪ್ಪು ಬಂದೇ ಬರುತ್ತದೆ. ಕೊಟ್ಟ ದುಡ್ಡು ವಸೂಲಾಗಲೆಂದು ಯಜಮಾನರು 'ಜೂಮ್' ಒತ್ತುತ್ತಾರೆ. ಪಟ್ಟಿ ಮಾಯ, ಜೊತೆಗೆ ಚಿತ್ರದ ಕಾಲು ಭಾಗ ಅಗಲವೂ ಮಾಯ. ಪರದೆಯ ಎಡತುದಿಯಲ್ಲಿ ನಾಯಕ, ಬಲತುದಿಯಲ್ಲಿ ಖಳ ನಿಂತು ದುರುಗುಟ್ಟುವ ಆ ಮಹಾ ದೃಶ್ಯದಲ್ಲಿ ಉಳಿಯುವುದು ಎರಡು ಮೂಗು, ನಡುವೆ ಒಂದು ಬೆಟ್ಟ. ಸಬ್‌ಟೈಟಲ್ಲಿನ ಕೆಳಸಾಲೂ ಅರ್ಧಕ್ಕೆ ಕತ್ತರಿಸಿರುತ್ತದೆ.

ಹಳೆಯ ಚಿತ್ರಗಳಿಗೆ ಇದರ ತದ್ವಿರುದ್ಧ ಶಿಕ್ಷೆ. ಅವು ಹೆಚ್ಚುಕಡಿಮೆ ಚೌಕ, ಕಪ್ಪು ಬರುವುದು ಎಡಬಲಕ್ಕೆ. ಅದನ್ನು 'ವೈಡ್' ಮಾಡಿ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ದಪ್ಪಗಾಗುತ್ತಾರೆ. 1957ರ 'ಮಾಯಾ ಬಜಾರ್'ನಲ್ಲಿ ಘಟೋತ್ಕಚನಿಗೆ ಅದರಿಂದ ನಷ್ಟವೇನಿಲ್ಲ, ನಾಯಕಿ ಶಶಿರೇಖೆಗೆ ಅನ್ಯಾಯ. ರಿಮೋಟಿನಲ್ಲಿ 'ಆಸ್ಪೆಕ್ಟ್' ಹುಡುಕಿ 'ಒರಿಜಿನಲ್' ಅಥವಾ 'ಆಟೊ'ಗೆ ಇಟ್ಟು ಅದರ ತಂಟೆಗೆ ಹೋಗದಿರುವುದು ಉತ್ತಮ.

ಹೊಸ ಟಿವಿ ತಂದ ದಿನ ರಾಜಕುಮಾರ, ಕೋಟೆ, ಡ್ರ್ಯಾಗನ್ ಎಲ್ಲ ಮಧ್ಯಾಹ್ನದ ಧಾರಾವಾಹಿ ತರಹ ಕಾಣುತ್ತವಲ್ಲ, ಅದರ ಹೆಸರು ಮೋಷನ್ ಸ್ಮೂತಿಂಗ್. ಒಂದೊಂದು ಕಂಪನಿ ಒಂದೊಂದು ನಾಮಕರಣ ಮಾಡಿದೆ: ಟ್ರೂಮೋಷನ್, ಮೋಷನ್‌ಫ್ಲೋ, ಆಟೊ ಮೋಷನ್ ಪ್ಲಸ್. ಸೆಕೆಂಡಿಗೆ 24 ಚಿತ್ರಗಳಿರುವಲ್ಲಿ ಟಿವಿ ನಡುನಡುವೆ ತನ್ನದೇ ಚಿತ್ರಗಳನ್ನು ಕಲ್ಪಿಸಿ 60 ಮಾಡುತ್ತದೆ. ನೀವು ನೋಡುವ ಅರವತ್ತರಲ್ಲಿ ಮೂವತ್ತಾರಕ್ಕೂ ಹೆಚ್ಚು ಚಿತ್ರ ತೆಗೆದದ್ದು ನಿರ್ದೇಶಕನಲ್ಲ, ಕಾರ್ಖಾನೆಯ ಚಿಪ್ಪು. ಕತ್ತಿ ಬೀಸಿದ ವೇಗಕ್ಕೆ ಅದರ ಊಹೆ ತಪ್ಪಿ ಕತ್ತಿಯ ತುದಿ ಹರಿದುಹೋಗುತ್ತದೆ, ನಾಯಕನ ತಲೆಯ ಸುತ್ತ ಒಂದು ಪ್ರಭಾವಳಿ ಏಳುತ್ತದೆ. ಅಭಿಮಾನಿಗಳು ಅದನ್ನು ಗ್ರಾಫಿಕ್ಸ್ ಅನ್ನುತ್ತಾರೆ. 2018ರ ಡಿಸೆಂಬರಿನಲ್ಲಿ ಟಾಮ್ ಕ್ರೂಸ್ ಶೂಟಿಂಗ್ ಜಾಗದಿಂದಲೇ ವಿಡಿಯೊ ಮಾಡಿ 'ದಯವಿಟ್ಟು ಇದನ್ನು ಆಫ್ ಮಾಡಿ' ಎಂದು ಬೇಡಿಕೊಂಡ. ವಿಮಾನದ ಹೊರಗೆ ನೇತಾಡಲು ಅಂಜದ ಮನುಷ್ಯ ಹೆದರಿದ್ದು ಇದೊಂದಕ್ಕೆ.

ಬೇಕೆಂದೇ ಹೆಚ್ಚು ಚಿತ್ರ ತೆಗೆದರೂ ಕಥೆ ಅಷ್ಟೇ. 2012ರಲ್ಲಿ 'ದ ಹಾಬಿಟ್' ಸೆಕೆಂಡಿಗೆ 48 ಚಿತ್ರಗಳಲ್ಲಿ ಬಂದಾಗ ಗಡ್ಡ ಅಂಟಿಸಿದ್ದು, ಬಂಡೆಗೆ ಬಣ್ಣ ಬಳಿದದ್ದು ಕಾಣುತ್ತದೆ ಎಂದು ಬಹಳ ಜನ ಗೊಣಗಿದರು. ಮಾಯಾಲೋಕಕ್ಕೆ ಒಂದಿಷ್ಟು ಮಬ್ಬು ಬೇಕು, ಸ್ಪಷ್ಟವಾಗಿ ಕಂಡರೆ ಅದು ಬರೀ ಪ್ಲೈವುಡ್ಡು.

ಆದರೆ ಆ ಮಬ್ಬನ್ನೇ ನೆಪ ಮಾಡಿಕೊಂಡು ಪೂರ್ತಿ ಕತ್ತಲು ಮಾಡುವುದಿದೆಯಲ್ಲ, ಅದಕ್ಕೆ ಕ್ಷಮೆ ಇಲ್ಲ. ಈಚಿನ ಫ್ಯಾಂಟಸಿಗಳಲ್ಲಿ ರಾಕ್ಷಸ ಹಗಲು ಹೊತ್ತು ಮನೆ ಬಿಟ್ಟು ಹೊರಡುವುದೇ ಇಲ್ಲ. ರಾತ್ರಿ, ಅದರ ಮೇಲೆ ಮಳೆ, ಅದರ ಮೇಲೆ ಮಂಜು. ಮೂರೂ ಒಟ್ಟಿಗೆ ಬಂದವೆಂದರೆ ಗ್ರಾಫಿಕ್ಸಿನ ದುಡ್ಡು ಮುಗಿದಿದೆ ಎಂದು ನಂಬುವವರಲ್ಲಿ ಈ ಲೇಖಕನೂ ಒಬ್ಬ. ಕತ್ತಲು ಮತ್ತು ಮಳೆ ಕಂಪ್ಯೂಟರ್ ಪ್ರಾಣಿಯ ಅಂಚುಗಳನ್ನು ಮುಚ್ಚುತ್ತವೆ, ಚರ್ಮ ಕೂದಲುಗಳ ಕೆಲಸ ಉಳಿಸುತ್ತವೆ. 'ಮಾಯಾ ಬಜಾರ್'ನಲ್ಲಿ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿ ಕ್ಯಾಮೆರಾ ಚಳಕದಿಂದಲೇ ಲಾಡುಗಳನ್ನು ಹಾರಿಸಿ ಘಟೋತ್ಕಚನಾದ ಎಸ್.ವಿ. ರಂಗರಾವ್ ಬಾಯಿಗೆ ಬೀಳಿಸಿದ್ದು ಝಗಝಗ ಬೆಳಕಿನಲ್ಲಿ. ಯಾವ ಡಬ್ಬಾ ಟಿವಿಯಲ್ಲಿ ಹಾಕಿದರೂ ಲಾಡು ಲಾಡೇ.

'ಗೇಮ್ ಆಫ್ ಥ್ರೋನ್ಸ್'ನ ಮಹಾಯುದ್ಧದ ಕಂತು 2019ರ ಏಪ್ರಿಲ್ 28ರಂದು ಬಂದಾಗ ಲಕ್ಷಾಂತರ ಮಂದಿ ನೋಡಿದ್ದು ತಮ್ಮದೇ ಮುಖದ ಪ್ರತಿಬಿಂಬವನ್ನು. ಅದರಲ್ಲಿ ನಿಮ್ಮ ಟ್ಯೂಬ್‌ಲೈಟಿನ ಪಾಲೂ ಇದೆ. ಚಿತ್ರಮಂದಿರದ ಪರದೆಯ ಅಚ್ಚ ಬಿಳುಪು ಬರೀ 48 ನಿಟ್ಸ್ (ನಿಟ್ಸ್ ಎಂದರೆ ಪರದೆಯ ಹೊಳಪಿನ ಅಳತೆ). ಸಾಧಾರಣ ಟಿವಿಯೇ 250, 300 ನಿಟ್ಸ್ ಕೊಡುತ್ತದೆ. ಹಾಗಿದ್ದೂ ಅಲ್ಲಿ ಕತ್ತಲೊಳಗಿನ ಕುದುರೆ ಕಾಣುತ್ತದೆ, ಇಲ್ಲಿ ಕಾಣದು. ಅಲ್ಲಿ ಹಾಲ್ ಕತ್ತಲಾಗಿರುತ್ತದೆ, ಇಲ್ಲಿ ಸೋಫಾ ಹಿಂದಿನ ಟ್ಯೂಬ್‌ಲೈಟ್ ನೇರವಾಗಿ ಗಾಜಿಗೆ ಹೊಡೆಯುತ್ತಿರುತ್ತದೆ. ಕಾಣಲಿಲ್ಲವೆಂದು 'ಬ್ರೈಟ್‌ನೆಸ್' ಏರಿಸಿದರೆ ಬಹಳಷ್ಟು ಟಿವಿಗಳಲ್ಲಿ ಕಪ್ಪೆಲ್ಲ ಬೂದಿಯಾಗುತ್ತದೆ ಅಷ್ಟೇ, ಏಕೆಂದರೆ ಆ ಗುಂಡಿ ತಿರುಗಿಸುವುದು ಕಪ್ಪಿನ ಮಟ್ಟವನ್ನು. ಏರಿಸಬೇಕಾದದ್ದು 'ಬ್ಯಾಕ್‌ಲೈಟ್'. ಆರಿಸಬೇಕಾದದ್ದು ಟ್ಯೂಬ್‌ಲೈಟ್. ಕಣ್ಣು ನೋಯುತ್ತದೆ ಅನ್ನುವವರು ಟಿವಿಯ ಹಿಂದೆ ಗೋಡೆಗೆ ಬೀಳುವಂತೆ ಒಂದು ಸಣ್ಣ ಬಲ್ಬ್ ಇಟ್ಟುಕೊಳ್ಳಬಹುದು.

'ಎನರ್ಜಿ ಸೇವಿಂಗ್' ಎಂಬ ಇನ್ನೊಬ್ಬ ಒಳಶತ್ರು ಇದ್ದಾನೆ. ಕೋಣೆ ಕತ್ತಲಾದದ್ದು ಕಂಡು ಟಿವಿ ತಾನೂ ಮಂಕಾಗುತ್ತದೆ. 'ಕಾಂತಾರ'ದಂಥ ಚಿತ್ರದಲ್ಲಿ ದೊಂದಿಯ ಬೆಳಕಿನಲ್ಲಿ ನಡೆಯುವ ರಾತ್ರಿಯ ಕೋಲ ಆಗ ಬರೀ ದೊಂದಿಯಾಗಿ ಉಳಿಯುತ್ತದೆ. ಎಚ್‌ಡಿಆರ್ (ಕಡುಗಪ್ಪಿನಿಂದ ಅತಿ ಹೊಳಪಿನವರೆಗೆ ಹೆಚ್ಚು ವಿವರ ತೋರಿಸುವ ಬಗೆ) ಎಂದು ರಟ್ಟಿನ ಡಬ್ಬದ ಮೇಲೆ ದೊಡ್ಡದಾಗಿ ಬರೆದ ಅಗ್ಗದ ಟಿವಿಯೂ ಇದೇ ಜಾತಿ. ಚಿತ್ರವನ್ನು ಸಾವಿರ ನಿಟ್ಸಿಗೆಂದು ಹದ ಮಾಡಿರುತ್ತಾರೆ, ಟಿವಿಗೆ ಮುನ್ನೂರರ ಮೇಲೆ ಏದುಸಿರು. ಎಲ್ಲವನ್ನೂ ಅಷ್ಟರೊಳಗೆ ಕುಗ್ಗಿಸುವಾಗ ಮೊದಲು ಬಲಿಯಾಗುವುದು ಕತ್ತಲೊಳಗಿನ ವಿವರ. ಡಾಲ್ಬಿ ವಿಷನ್ ಎಂಬುದು ಎಚ್‌ಡಿಆರ್‌ನದೇ ಒಂದು ಬಗೆ, ಮೆನುವಿನಲ್ಲಿ 'ಡಾಲ್ಬಿ ವಿಷನ್ ಬ್ರೈಟ್', 'ಡಾರ್ಕ್' ಎಂದು ಎರಡಿದ್ದರೆ ಇಂಥ ಟಿವಿಯವರು ನಾಚಿಕೆಯಿಲ್ಲದೆ ಬ್ರೈಟ್ ಇಟ್ಟುಕೊಳ್ಳಲಿ. ಇನ್ನು ಇಂಟರ್ನೆಟ್ ಸೊರಗಿದರೆ ಆ್ಯಪ್ ಮೊದಲು ಉಳಿತಾಯ ಮಾಡುವುದೂ ಕತ್ತಲೆಯಲ್ಲೇ, ಆಕಾಶ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ದೊಡ್ಡ ಯುದ್ಧ ನೋಡುವ ಹೊತ್ತಿನಲ್ಲಿ ಮಕ್ಕಳ ಕೈಯಲ್ಲಿರುವ ಫೋನುಗಳ ವೈಫೈ ಕಿತ್ತುಕೊಳ್ಳುವುದು ನ್ಯಾಯವಲ್ಲ, ಆದರೆ ಪರಿಣಾಮಕಾರಿ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ವಿವಿಡ್' ಎಂಬುದು ಅಂಗಡಿಯ ಬೆಳಕಿನಲ್ಲಿ ಪಕ್ಕದ ಟಿವಿಯನ್ನು ಸೋಲಿಸಲು ಮಾಡಿದ್ದು, ಮನೆಗಲ್ಲ. 'ಸಿನೆಮಾ', 'ಮೂವಿ' ಅಥವಾ 'ಫಿಲ್ಮ್‌ಮೇಕರ್ ಮೋಡ್' ಇಡಿ. ಮೊದಲಿಗೆ ಎಲ್ಲರಿಗೂ ಕಾಮಾಲೆ ಬಂದಂತೆ ಕಾಣುತ್ತದೆ, ಸ್ವಲ್ಪ ಕಾಲ ತಡೆದುಕೊಂಡರೆ ಮೊದಲಿನ ನೀಲಿಯೇ ತಪ್ಪಾಗಿತ್ತೆಂದು ಕಣ್ಣೇ ಹೇಳುತ್ತದೆ. ಟಿವಿಯನ್ನು ಸಜ್ಜದ ಮಟ್ಟಕ್ಕೆ ಮೊಳೆ ಹೊಡೆಯಬೇಡಿ, ಪರದೆಯ ನಡುಭಾಗ ಕೂತವರ ಕಣ್ಣಿನ ಎತ್ತರಕ್ಕಿರಲಿ. 55 ಇಂಚಿಗೆ ಏಳು ಅಡಿ ದೂರ ಸರಿ. ಹದಿನಾಲ್ಕು ಅಡಿ ದೂರದ ದಿವಾನದಿಂದ ನೋಡುವವರಿಗೆ 4ಕೆ ಎಂಬುದು ಬಿಲ್ಲಿನಲ್ಲಿ ಮಾತ್ರ ಕಂಡ ಸಂಗತಿ.

ಕೊನೆಗೊಂದು ಎಚ್ಚರಿಕೆ. ಈ ಸೆಟ್ಟಿಂಗುಗಳನ್ನು ಬಹುಪಾಲು ಟಿವಿಗಳು ಒಂದೇ ಕಡೆ ನೆನಪಿಡುವುದಿಲ್ಲ. ಸೆಟ್‌ಟಾಪ್ ಬಾಕ್ಸಿಗೆ ಒಂದು, ಆ್ಯಪಿಗೆ ಒಂದು, ಎಚ್‌ಡಿಆರ್ ಚಿತ್ರ ಶುರುವಾದ ಮೇಲೆ ಮತ್ತೊಂದು. ಚಿತ್ರ ಓಡುತ್ತಿರುವಾಗಲೇ ಮೆನುವಿಗೆ ಹೋಗಿ ಮೂರು ಕಡೆಯೂ ಬದಲಿಸಬೇಕು. ಆಮೇಲೆ ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಸಾಫ್ಟ್‌ವೇರ್ ಅಪ್‌ಡೇಟ್ ಎಂಬುದು ರಾತ್ರೋರಾತ್ರಿ ಬಂದು ವಿವಿಡ್ಡಿಗೆ ಮರಳಿ ಪಟ್ಟ ಕಟ್ಟಿ ಹೋಗುವುದುಂಟು. ಇಷ್ಟೆಲ್ಲ ಮುಗಿಸಿ ಟ್ಯೂಬ್‌ಲೈಟ್ ಆರಿಸಿ ಕೂರುವ ಹೊತ್ತಿಗೆ ಮಾವನವರು ಮ್ಯಾಚ್ ಹಾಕಿ ಅನ್ನುತ್ತಾರೆ. ಕ್ರಿಕೆಟ್ಟಿಗೆ ಸ್ಮೂತಿಂಗ್ ಇದ್ದರೇ ಚೆನ್ನ, ಬಾಲ್ ಕಾಣುತ್ತದೆ.