ಮೊದಲು ಸೆಕ್ಷನ್ ತೋರಿಸು

ಆರ್ಕಿಟೆಕ್ಚರ್ ಓದುವಾಗ ನಾಲ್ಕನೇ ವರ್ಷದ ಡಿಸೈನ್ ಸ್ಟುಡಿಯೋ ಶುರುವಾದ ಮೊದಲ ವಾರವೇ ನನಗೊಂದು ಕಾನ್ಸೆಪ್ಟ್ ಸಿಕ್ಕಿಬಿಟ್ಟಿತ್ತು. ಪ್ರಾಜೆಕ್ಟ್ ಏನಪ್ಪಾ ಅಂದ್ರೆ ಒಂದು ಸಾರ್ವಜನಿಕ ಲೈಬ್ರರಿ, ಜೊತೆಗೆ 300 ಜನ ಕೂರುವ ಸಭಾಂಗಣ. ನನ್ನ ಕಾನ್ಸೆಪ್ಟ್ ಹೆಸರು 'ಹರಿವು'. ಜ್ಞಾನ ಹರಿಯುತ್ತದೆ, ಜನ ಹರಿಯುತ್ತಾರೆ, ಆದ್ದರಿಂದ ಗೋಡೆ ಬಾಗುತ್ತದೆ. ಈಗ ನೆನೆದರೆ ನಗು ಬರುತ್ತೆ. ಆಗ ಅದನ್ನು ವಿವರಿಸುವಾಗ ನನ್ನ ಗತ್ತು ನೋಡಬೇಕಿತ್ತು ನೀವು!

ಮೊದಲ ಜ್ಯೂರಿ ದಿನ, ಅಂದ್ರೆ ಡಿಸೈನನ್ನು ಪರೀಕ್ಷಕರ ಮುಂದಿಟ್ಟು ವಿವರಿಸುವ ದಿನ, ಹೊರಗಿನಿಂದ ಬಂದಿದ್ದ ಹಿರಿಯ ಆರ್ಕಿಟೆಕ್ಟ್ ಒಬ್ಬರು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆಮೇಲೆ ಪೆನ್ಸಿಲ್ ತುದಿಯನ್ನು ಪ್ಲಾನ್‌ನಲ್ಲಿದ್ದ ಮೆಟ್ಟಿಲ ಮೇಲಿಟ್ಟರು.

"ಇದು ಎಷ್ಟು ಎತ್ತರ ಹತ್ತುತ್ತೆ?"

"4.2 ಮೀಟರ್ ಸರ್."

"ಎಷ್ಟು ಮೆಟ್ಟಿಲು ಬೇಕು ಅದಕ್ಕೆ?"

ನಾನು ಸುಮ್ಮನೆ ನಿಂತೆ. ಅವರೇ ಶೀಟಿನ ಅಂಚಿನಲ್ಲಿ ಲೆಕ್ಕ ಬರೆದರು. ಒಂದು ಮೆಟ್ಟಿಲಿನ ಎತ್ತರಕ್ಕೆ ರೈಸರ್ ಅಂತಾರೆ, ಅದು 150 ಮಿಲಿಮೀಟರ್ ಅಂದ್ರೆ 28 ರೈಸರ್. ಎರಡು ಫ್ಲೈಟ್, ಅಂದ್ರೆ ಎರಡು ಮೆಟ್ಟಿಲ ಸಾಲು ಮಾಡಿದರೆ ಒಂದೊಂದರಲ್ಲಿ 14 ರೈಸರ್, ಕಾಲಿಡುವ ಜಾಗ ಅಂದ್ರೆ ಟ್ರೆಡ್ 13. ಟ್ರೆಡ್ 300 ಮಿಲಿಮೀಟರ್ ಆದರೆ 3.9 ಮೀಟರ್ ಉದ್ದ. ಎರಡೂ ತುದಿಗೆ ಒಂದೂವರೆ ಮೀಟರ್ ಲ್ಯಾಂಡಿಂಗ್, ಅಂದ್ರೆ ನಿಲ್ಲುವ ಸಮತಟ್ಟು ಜಾಗ. ಒಟ್ಟು 6.9 ಮೀಟರ್. ನಾನು ಪ್ಲಾನ್‌ನಲ್ಲಿ ಕೊಟ್ಟಿದ್ದು 5 ಮೀಟರ್, ಅದೂ ಅಂದಾಜಿಗೆ, ಚೆನ್ನಾಗಿ ಕಾಣಲಿ ಅಂತ. ಹೆಚ್ಚುಕಮ್ಮಿ ಎರಡು ಮೀಟರ್ ಮೆಟ್ಟಿಲು ನನ್ನ ಓದುವ ಕೋಣೆಯ ಒಳಗೆ ನುಗ್ಗಿತ್ತು. ಹರಿವು ಅಂದ್ರೆ ಅದೇ ಇರಬೇಕು.

"ಸೆಕ್ಷನ್ ಎಲ್ಲಿ?" ಅಂದರು. ಸೆಕ್ಷನ್ ಅಂದ್ರೆ ಕಟ್ಟಡವನ್ನು ಮೇಲಿಂದ ಕೆಳಗೆ ಕತ್ತರಿಸಿದಂತೆ ಬರೆದು ಒಳಗಿನ ಎತ್ತರಗಳನ್ನು ತೋರಿಸುವ ಡ್ರಾಯಿಂಗ್. ಸೆಕ್ಷನ್ ಇತ್ತು, ಆದರೆ ಮೆಟ್ಟಿಲನ್ನು ತಪ್ಪಿಸಿ ಕತ್ತರಿಸಿದ್ದೆ. ಆರ್ಕಿಟೆಕ್ಚರ್ ಓದಿದವರಿಗೆ ಈ ಕಳ್ಳತನ ಚೆನ್ನಾಗಿ ಗೊತ್ತು, ಅಲ್ವಾ?

ಮೆಟ್ಟಿಲಿನ ಲೆಕ್ಕ ಹೊಸದೇನಲ್ಲ. ಎರಡು ರೈಸರ್, ಒಂದು ಟ್ರೆಡ್ ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯಷ್ಟಾಗಬೇಕು ಅಂತ ಫ್ರಾನ್ಸಿನ ಬ್ಲಾಂಡೆಲ್ 17ನೇ ಶತಮಾನದಲ್ಲೇ ಬರೆದಿಟ್ಟಿದ್ದಾನೆ. ಈಗ ಆ ಮೊತ್ತವನ್ನು ಸುಮಾರು 600ರಿಂದ 630 ಮಿಲಿಮೀಟರ್ ಅಂತ ಹಿಡಿಯುತ್ತಾರೆ. ಎರಡನೇ ವರ್ಷದಲ್ಲೇ ನಮಗೂ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೆ ಕೂಡ. ಡಿಸೈನ್ ಮಾಡುವಾಗ ಮಾತ್ರ ನೆನಪಾಗಲಿಲ್ಲ.

ಕೊನೆಯ ವರ್ಷಗಳ ಸ್ಟುಡಿಯೋ ಕಷ್ಟ ಇರುವುದು ಇಲ್ಲೇ ಅಂತ ನನ್ನ ಅನಿಸಿಕೆ. ಅಲ್ಲಿ ಹೊಸದಾಗಿ ಕಲಿಯುವುದು ಕಡಿಮೆ. ಬೇರೆ ಬೇರೆ ಕ್ಲಾಸಿನಲ್ಲಿ ಬಿಡಿಬಿಡಿಯಾಗಿ ಕಲಿತಿದ್ದೆಲ್ಲ ಒಂದೇ ಕಟ್ಟಡದೊಳಗೆ ಜಾಗಕ್ಕಾಗಿ ಜಗಳ ಶುರುಮಾಡುತ್ತವೆ. ನನ್ನ ಸಭಾಂಗಣದ ಮುಂದಿನ ಹಾಲನ್ನೇ ನೋಡಿ. ನಡುವೆ ಕಂಬ ಬೇಡ ಅಂತ 12 ಮೀಟರ್ ಸ್ಪ್ಯಾನ್, ಅಂದ್ರೆ ಆಧಾರದಿಂದ ಆಧಾರಕ್ಕೆ ಅಷ್ಟು ಅಂತರ ಇಟ್ಟಿದ್ದೆ. ಕಾಂಕ್ರೀಟ್ ಬೀಮ್ ಅಂದ್ರೆ ಸ್ಪ್ಯಾನಿನ ಹನ್ನೆರಡನೇ ಒಂದು ಭಾಗ ಅಂತ ಒರಟು ಲೆಕ್ಕ ಹಿಡಿದರೂ ಒಂದು ಮೀಟರ್ ಆಳ. ಅದರ ಕೆಳಗೆ ಏಸಿ ಗಾಳಿ ಸಾಗುವ ಡಕ್ಟ್ ಅರ್ಧ ಮೀಟರ್. ಅದರ ಕೆಳಗೆ ಫಾಲ್ಸ್ ಸೀಲಿಂಗ್. ಆ ಹಾಲಿರುವ ಮಹಡಿಗೆ ನಾನು ಕೊಟ್ಟ ಎತ್ತರ 3.6 ಮೀಟರ್. ಕಳೆದು ನೋಡಿದರೆ ಜನಕ್ಕೆ ಉಳಿಯುವುದು ಎರಡೇ ಮೀಟರ್. ಎತ್ತರದವರು ಕೈ ಎತ್ತಿದರೆ ಸೀಲಿಂಗ್ ತಾಗುತ್ತೆ. ಪ್ಲಾನ್‌ನಲ್ಲಿ ಇದ್ಯಾವುದೂ ಕಾಣಲ್ಲ, ಕಂಪ್ಯೂಟರಿನಲ್ಲಿ ಮಾಡುವ ಫೋಟೋದಂಥ ಚಿತ್ರ, ಅಂದ್ರೆ ರೆಂಡರ್‌ನಲ್ಲಂತೂ ಕಾಣೋದೇ ಇಲ್ಲ, ಯಾಕಂದ್ರೆ ಅಲ್ಲಿ ಸೂರ್ಯಾಸ್ತ ಇರುತ್ತೆ, ಹಕ್ಕಿಗಳಿರುತ್ತವೆ, ಬಲೂನ್ ಹಿಡಿದ ಮಗು ಇರುತ್ತೆ.

ಸಭಾಂಗಣದ ಕಥೆಯೂ ಅಷ್ಟೆ. ಹಿಂದೆ ಕೂತವರ ದೃಷ್ಟಿ ಮುಂದಿನವರ ತಲೆಯ ಮೇಲಿಂದ ಹಾಯಬೇಕು. ಒಂದೊಂದು ಸಾಲಿನಲ್ಲೂ ಆ ದೃಷ್ಟಿ ಮುಂದಿನವರ ಕಣ್ಣಿಗಿಂತ ಸುಮಾರು 120 ಮಿಲಿಮೀಟರ್ ಮೇಲೆ ಹಾದರೆ ಒಳ್ಳೆಯದು ಅಂತಾರೆ. ಅದನ್ನು ಸರಿಯಾಗಿ ಬರೆಯುತ್ತಾ ಹೋದರೆ ನೆಲ ಹಿಂದೆ ಹಿಂದೆ ಹೋದಂತೆ ಕಡಿದಾಗಿ ಏರುತ್ತೆ. ನಾನು ಮೊದಲು ಚಪ್ಪಟೆ ನೆಲ ಬರೆದಿದ್ದೆ. ಸೆಕ್ಷನ್‌ನಲ್ಲಿ ಈ ಏರು ಬಂದಾಗ ಅದರ ಕೆಳಗೆ ಒಂದು ದೊಡ್ಡ ಖಾಲಿ ಜಾಗ ತಾನಾಗೇ ಹುಟ್ಟಿತು. ಲೈಬ್ರರಿಯ ಬಾಗಿಲನ್ನು ಅಲ್ಲಿಗೆ ತಂದೆ. ತಗ್ಗಾದ ಸೀಲಿಂಗ್ ಕೆಳಗೆ ಒಳಗೆ ಬಂದು, ಅದು ಏರುತ್ತಾ ಹೋಗಿ, ಆಮೇಲೆ ಎತ್ತರದ ಓದುವ ಕೋಣೆ ತೆರೆದುಕೊಳ್ಳುತ್ತಿತ್ತು. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಇವತ್ತಿಗೂ ಹೆಮ್ಮೆ ಇರುವುದು ಅದೊಂದರ ಬಗ್ಗೆ. 'ಹರಿವು' ಅಂತ ಎಷ್ಟು ಸಲ ಹೇಳಿದ್ದರೂ ಅದು ಹೊಳೆಯುತ್ತಿರಲಿಲ್ಲ.

ಕಾನ್ಸೆಪ್ಟೇ ಮುಖ್ಯ ಅನ್ನುವವರು ತಕ್ಷಣ ಸಿಡ್ನಿ ಒಪೆರಾ ಹೌಸ್ ಉದಾಹರಣೆ ಕೊಡುತ್ತಾರೆ. ಅದರ ಆರ್ಕಿಟೆಕ್ಟ್ ಉಟ್ಜನ್ 1957ರಲ್ಲಿ ವಿನ್ಯಾಸದ ಸ್ಪರ್ಧೆ ಗೆದ್ದಾಗ ಛಾವಣಿಯ ಆ ಚಿಪ್ಪುಗಳನ್ನು ಹೇಗೆ ಕಟ್ಟುವುದು ಅಂತ ಯಾರಿಗೂ ಗೊತ್ತಿರಲಿಲ್ಲ, ನಿಜ. ಆದರೆ ಮುಂದಿನ ಕಥೆಯನ್ನು ಯಾಕೆ ಬಿಡ್ತೀರಿ? ವರ್ಷಗಟ್ಟಲೆ ಒದ್ದಾಡಿ, ಚಿಪ್ಪುಗಳನ್ನೆಲ್ಲ ಒಂದೇ ಗೋಳದ ಮೈಯಿಂದ ಕತ್ತರಿಸಿದರೆ ಆಗುತ್ತೆ ಅಂತ 1961ರ ಹೊತ್ತಿಗೆ ದಾರಿ ಸಿಕ್ಕಿತು. ನಾವೆಲ್ಲ ಫೋಟೋದಲ್ಲಿ ನೋಡಿ ಮರುಳಾಗುವ ಆಕಾರ ಆ ಲೆಕ್ಕದಿಂದ ಬಂದದ್ದು. ಉಟ್ಜನ್ 1966ರಲ್ಲಿ ಕೆಲಸ ಬಿಟ್ಟು ಹೋದ, ಕಟ್ಟಡ ತೆರೆದಿದ್ದು 1973ರಲ್ಲಿ. ನಮಗಿರೋದು ಒಂದು ಸೆಮಿಸ್ಟರ್.

ತಪ್ಪು ಹುಡುಗರದ್ದು ಮಾತ್ರ ಅಂತ ನಾನು ಹೇಳಲ್ಲ. ಹತ್ತು ನಿಮಿಷದ ಜ್ಯೂರಿಯಲ್ಲಿ ಏಳು ನಿಮಿಷ ಕಾನ್ಸೆಪ್ಟ್ ಕೇಳಿ, ದೊಡ್ಡ ರೆಂಡರ್ ನೋಡಿ ತಲೆಯಾಡಿಸಿ ಮಾರ್ಕ್ಸ್ ಕೊಟ್ಟರೆ, ಯಾರು ಕೂತು ಡಕ್ಟ್ ಬರೀತಾರೆ ಹೇಳಿ? ಕ್ಲಾಸಿನಲ್ಲಿ ಒಬ್ಬಳು ರಟ್ಟಿನಲ್ಲಿ 1:50 ಸೆಕ್ಷನ್ ಮಾಡೆಲ್ ಮಾಡಿದ್ದಳು. ಬಣ್ಣ ಇಲ್ಲ, ಗಿಡ ಇಲ್ಲ, ಒಂದು ಬದಿ ಕತ್ತರಿಸಿದ ಬೂದು ರಟ್ಟು ಅಷ್ಟೆ. ಬಗ್ಗಿ ಒಳಗೆ ನೋಡಿದರೆ ಬೆಳಕು ಎಲ್ಲಿ ಬೀಳುತ್ತೆ ಅಂತ ಗೊತ್ತಾಗುತ್ತಿತ್ತು. "ಪ್ರೆಸೆಂಟೇಷನ್ ಇಂಪ್ರೂವ್ ಮಾಡಮ್ಮಾ" ಅಂತ ಹೇಳಿ ಜ್ಯೂರಿಯವರು ಮುಂದಕ್ಕೆ ಹೋದರು. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಇನ್ನು ರಾತ್ರಿ ನಿದ್ದೆಗೆಡುವ ವಿಷಯ. 19ನೇ ಶತಮಾನದ ಪ್ಯಾರಿಸ್‌ನಲ್ಲಿ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಡ್ರಾಯಿಂಗ್ ತುಂಬಿಕೊಂಡು ಹೋಗಲು ಕೈಗಾಡಿ ಬರುತ್ತಿತ್ತಂತೆ, ಗಡುವಿನ ಕೊನೇ ಗಳಿಗೆವರೆಗೂ ಹುಡುಗರು ಗೀಚುತ್ತಲೇ ಇರುತ್ತಿದ್ದರಂತೆ. ಗಡುವಿನ ಮುಂಚಿನ ತರಾತುರಿ ಕೆಲಸಕ್ಕೆ ಹೇಳುವ 'ಶಾರೆಟ್' ಅನ್ನುವ ಪದ ಆ ಗಾಡಿಯಿಂದ ಬಂದಿದ್ದು. ಅದನ್ನೇ ದೊಡ್ಡ ಪರಂಪರೆ ಅಂತ ಮೆರೆಸೋದು ನನಗೆ ಹಿಡಿಸಲ್ಲ. ನಾನು ಮೂರು ರಾತ್ರಿ ಎದ್ದು ಮಾಡಿದ ಶೀಟಿನಲ್ಲೇ ಆ ಐದು ಮೀಟರ್ ಮೆಟ್ಟಿಲಿತ್ತು.

ಹೋದ ವಾರ ಜೂನಿಯರ್ ಒಬ್ಬಳು ಫೋನ್ ಮಾಡಿದ್ದಳು. "ಅಣ್ಣಾ, ರೆಂಡರ್ ಕಳಿಸ್ತೀನಿ, ಸ್ವಲ್ಪ ನೋಡ್ತೀರಾ?" ಮೊದಲು ಸೆಕ್ಷನ್ ಕಳಿಸು ಅಂದೆ. "ಅದು ಕೊನೇಲಿ ಸಾಫ್ಟ್‌ವೇರೇ ಕೊಡುತ್ತಲ್ವಾ?" ಅಂದಳು. ಕೊಡುತ್ತೆ, ಆದ್ರೆ ಇವತ್ತು ಬಟರ್ ಪೇಪರ್ ಮೇಲೆ ಕೈಯಲ್ಲೇ ಬರಿ, ಮೆಟ್ಟಿಲ ಮೇಲೇ ಕತ್ತರಿಸು ಅಂದೆ.

ಮಾರನೇ ದಿನ ಮೆಸೇಜ್ ಬಂತು: "ಅಣ್ಣಾ, ಒಂದು ಗ್ಯಾಲರಿ ಪೂರ್ತಿ ಹೋಯ್ತು."